ಆಕಾಶದಿಂದ ಮಳೆ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆದಿಡುತ್ತೇನೆ. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಉಪಗ್ರಹದ ನಕ್ಷೆ ತೋರಿಸುವ ಮಳೆ ನನ್ನ ಪುಸ್ತಕದ ಅಂಕಿಗಿಂತ ಬಹಳ ಕಡಿಮೆ ಇರುತ್ತದೆ. ಉಪಗ್ರಹ ಮಳೆಯನ್ನು ಅಳೆಯುವ ಬಗೆ ಯಾವುದು? ಈ ವ್ಯತ್ಯಾಸವೇಕೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಾಪಕ ಬಿದ್ದ ನೀರನ್ನೇ ಅಳೆಯುತ್ತದೆ. ಉಪಗ್ರಹಕ್ಕೆ ಆ ನೀರು ಸಿಗುವುದಿಲ್ಲ. ಮೋಡ, ಹಿಮಕಣ, ಹನಿಗಳಿಂದ ಬಂದ ತರಂಗಗಳನ್ನು ಹಿಡಿದು ಅದು ಮಳೆಯನ್ನು ಲೆಕ್ಕಹಾಕಬೇಕು.

ಉಷ್ಣವಲಯದ ಮಳೆಗಾಗಿಯೇ ನಾಸಾ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಸೇರಿ ರೂಪಿಸಿದ ಟಿಆರ್‌ಎಂಎಂ ಉಪಗ್ರಹ 1997ರ ನವೆಂಬರ್‌ನಲ್ಲಿ ಜಪಾನಿನ ತನೆಗಾಶಿಮಾ ಉಡಾವಣಾ ಕೇಂದ್ರದಿಂದ ಮೇಲೇರಿ 2015ರವರೆಗೆ ಕೆಲಸ ಮಾಡಿತು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಳೆ ರೇಡಾರ್ ಅದರಲ್ಲಿತ್ತು. ರೇಡಾರ್ ಕಳಿಸಿದ ತರಂಗ ಹನಿಗಳಿಗೆ ತಾಗಿ ಮರಳಲು ಹಿಡಿದ ಸಮಯದಿಂದ, ಯಾವ ಎತ್ತರದಲ್ಲಿ ಮಳೆಯಿದೆ ಎಂಬುದು 250 ಮೀಟರ್‌ಗೊಂದು ಪದರದಂತೆ ತಿಳಿಯುತ್ತಿತ್ತು. ಆದರೆ ಎಷ್ಟು ಮಳೆ ಎಂಬುದನ್ನು ಪ್ರತಿಧ್ವನಿಯ ಬಲದಿಂದ ಹೇಳುವುದು ಸುಲಭವಲ್ಲ. ಹನಿಯ ವ್ಯಾಸ ಇಮ್ಮಡಿಯಾದರೆ ಅದರೊಳಗಿನ ನೀರು 8 ಪಟ್ಟಾಗುತ್ತದೆ, ಪ್ರತಿಧ್ವನಿ 64 ಪಟ್ಟಾಗುತ್ತದೆ. ಹೀಗಾಗಿ ಗುಡುಗು ಮಳೆಯ ದಪ್ಪ ಹನಿಗಳು ಎದ್ದು ಕಾಣುತ್ತವೆ. ಜಡಿಮಳೆಯ ಅಸಂಖ್ಯ ಸಣ್ಣ ಹನಿಗಳು ಅಷ್ಟೇ ನೀರು ಸುರಿಸಿದರೂ ಮಂಕಾಗಿ ಕಾಣುತ್ತವೆ. ಸಾಲದ್ದಕ್ಕೆ, ಗುಡ್ಡಗಾಡಿನಲ್ಲಿ ನೆಲದಿಂದ ಮರಳುವ ಪ್ರಬಲ ಪ್ರತಿಧ್ವನಿ ತಳಭಾಗದ ಮಳೆಯನ್ನು ಮರೆಮಾಡುತ್ತದೆ.

ಎರಡನೆಯ ಉಪಕರಣ ಮೈಕ್ರೋವೇವ್ ಗ್ರಾಹಕ. ಇದು ತಾನಾಗಿ ಏನನ್ನೂ ಕಳಿಸದೆ, ಬರುವುದನ್ನಷ್ಟೇ ಗ್ರಹಿಸುತ್ತದೆ. ಸಮುದ್ರ ಮೈಕ್ರೋವೇವ್‌ನಲ್ಲಿ ತಣ್ಣಗೆ ತೋರುವುದರಿಂದ ಅದರ ಮೇಲಿನ ಮಳೆಹನಿಗಳು ಬೆಚ್ಚಗೆ ಎದ್ದು ಕಾಣುತ್ತವೆ. ನೆಲ ತಾನೇ ಬಲವಾಗಿ ವಿಕಿರಣ ಸೂಸುವುದರಿಂದ ಅಲ್ಲಿ ಹನಿಗಳನ್ನು ಬಿಟ್ಟು, ಮೋಡದ ನೆತ್ತಿಯ ಹಿಮಕಣಗಳು ಆ ವಿಕಿರಣವನ್ನು ಎಷ್ಟು ಚದುರಿಸುತ್ತವೆ ಎಂಬುದನ್ನೇ ನಂಬಬೇಕಾಗುತ್ತದೆ. ನಿಮ್ಮ ಕಡೆಯ ಮುಂಗಾರಿನ ಮಳೆ ಬಹುಪಾಲು ಘಟ್ಟಕ್ಕೆ ತಡೆದು ಮೇಲೇರಿದ, ಅಷ್ಟೇನೂ ಎತ್ತರವಲ್ಲದ ಮೋಡಗಳದ್ದು. ಅವುಗಳಲ್ಲಿ ಹಿಮ ಕಡಿಮೆ, ನೀರು ಯಥೇಚ್ಛ. ನಕ್ಷೆಯಲ್ಲಿ ನಿಮ್ಮ ಮಳೆ ಸೊರಗುವುದಕ್ಕೆ ಇದೇ ಮುಖ್ಯ ಕಾರಣ.

ಇಷ್ಟಾದರೂ ಈ ಅಳತೆ ಅಮೂಲ್ಯವೆಂದೇ ನಾನು ಹೇಳುತ್ತೇನೆ. ಭೂಮಿಯ ಮಳೆಯಲ್ಲಿ ಸುಮಾರು ಮೂರನೇ ಎರಡು ಪಾಲು ಉಷ್ಣವಲಯದಲ್ಲಿ, ಅದರಲ್ಲೂ ಹೆಚ್ಚಾಗಿ ಮಾಪಕವಿಡಲಾಗದ ಸಾಗರಗಳ ಮೇಲೆ ಬೀಳುತ್ತದೆ. ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖ ಭೂಮಿಯ ಗಾಳಿಯ ಚಲನೆಗೆ ಬಲ ನೀಡುವುದರಿಂದ, ಆ ಮಳೆಯ ಲೆಕ್ಕವಿಲ್ಲದೆ ವಾಯುಗುಣದ ಅಧ್ಯಯನ ಮುಂದೆ ಸಾಗದು. ಇದಕ್ಕಾಗಿಯೇ ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ 2011ರಲ್ಲಿ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಸಮಭಾಜಕಕ್ಕೆ ಕೇವಲ 20 ಡಿಗ್ರಿ ಓರೆಯ ಕಕ್ಷೆಗೆ ಸೇರಿಸಿದವು. ಅದು ಒಂದೇ ಜಾಗವನ್ನು ದಿನಕ್ಕೆ ಹಲವು ಬಾರಿ ನೋಡಬಲ್ಲದಾಗಿತ್ತು.

ಈಗ ಸಿಗುವ, ಟಿಆರ್‌ಎಂಎಂನ ಉತ್ತರಾಧಿಕಾರಿಯಾದ ಜಿಪಿಎಂ ಯೋಜನೆಯ ನಕ್ಷೆಯ ಒಂದು ಚೌಕ ಸುಮಾರು 11 ಕಿಲೋಮೀಟರ್ ಅಗಲ. ಅದರೊಳಗೆ ಘಟ್ಟದ ನೆತ್ತಿ, ನಿಮ್ಮ ತೋಟ ಎರಡೂ ಸೇರಿರಬಹುದು. ಆದ್ದರಿಂದ ದಿನದ ಅಂಕಿಯ ಬದಲು ತಿಂಗಳ ಮೊತ್ತವನ್ನು, ಅದೂ ನೆಲದ ಮಾಪಕಗಳ ಆಧಾರದಿಂದ ತಿದ್ದಿ ಕೆಲವು ತಿಂಗಳ ನಂತರ ಪ್ರಕಟಿಸುವ ಅಂತಿಮ ಆವೃತ್ತಿಯೊಂದಿಗೆ ಹೋಲಿಸಿ ನೋಡಿ. ಆಗಲೂ ಅಂತರ ಉಳಿದರೆ ನಿಮ್ಮ ಪುಸ್ತಕದ ಅಂಕಿಯನ್ನೇ ನಂಬಿ.