ಜೀವನಾಂಶದ ಇಡುಗಂಟಿಗೆ ತೆರಿಗೆ ಇದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಖಾಸಗಿ ಶಾಲೆಯೊಂದರ ಶಿಕ್ಷಕಿ, ತಿಂಗಳ ಸಂಬಳ 16,000 ರೂಪಾಯಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ. ಜೀವನಾಂಶವಾಗಿ ಒಮ್ಮೆಗೇ 20 ಲಕ್ಷ ಅಥವಾ ತಿಂಗಳಿಗೆ 15,000 ಕೊಡಲು ಪತಿ ಒಪ್ಪಿದ್ದಾರೆ. ಆದರೆ ಇಡುಗಂಟಿನಲ್ಲಿ ಅರ್ಧ ತೆರಿಗೆಗೇ ಹೋಗುತ್ತದೆ, ಕಾಗದದಲ್ಲಿ 8 ಲಕ್ಷ ಬರೆಸಿ ಉಳಿದ 12 ಲಕ್ಷವನ್ನು ನಗದಾಗಿ ತೆಗೆದುಕೋ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ವಿದ್ಯಾನಗರ

ಉತ್ತರ: ಆ ನಗದನ್ನು ಮುಟ್ಟಬೇಡಿ ತಾಯಿ. ವಿಚ್ಛೇದನದಲ್ಲಿ ಒಂದೇ ಗಂಟಾಗಿ ಸಿಗುವ ಜೀವನಾಂಶ ಆದಾಯವಲ್ಲ, ಬಂಡವಾಳ ಸ್ವರೂಪದ ಹಣ. ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿಯವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 1980ರ ದಶಕದಲ್ಲೇ ಹೀಗೆ ತೀರ್ಪು ಕೊಟ್ಟಿದೆ. ಅರ್ಧ ಹೋಗುವ ಮಾತಿರಲಿ, 20 ಲಕ್ಷದಲ್ಲಿ ಒಂದು ರೂಪಾಯಿಯೂ ತೆರಿಗೆಗೆ ಹೋಗುವುದಿಲ್ಲ. ತಿಂಗಳು ತಿಂಗಳು ಬರುವ ಹಣ ಆದಾಯ ಎಂದೂ ಅದೇ ತೀರ್ಪು ಹೇಳುತ್ತದೆ. ಆದರೆ ವರ್ಷಕ್ಕೆ ನಿಮ್ಮ ಸಂಬಳ 1.92 ಲಕ್ಷ, ಜೀವನಾಂಶ 1.80 ಲಕ್ಷ, ಸೇರಿ 3.72 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅಂದರೆ ಇಲ್ಲದ ತೆರಿಗೆಯನ್ನು ತೋರಿಸಿ ನಿಮ್ಮನ್ನು ಹೆದರಿಸುತ್ತಿದ್ದಾರೆ.

ನಿಜವಾದ ಅಪಾಯ ನಗದಿನಲ್ಲಿದೆ. ಒಬ್ಬರಿಂದ ಒಂದೇ ಸಂದರ್ಭಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಕೊಟ್ಟವರಿಗಲ್ಲ, ಪಡೆದವರಿಗೆ. ವರ್ಷದಲ್ಲಿ 10 ಲಕ್ಷ ನಗದು ಉಳಿತಾಯ ಖಾತೆಗೆ ಜಮೆಯಾದರೆ ಬ್ಯಾಂಕು ಅದನ್ನು ತೆರಿಗೆ ಇಲಾಖೆಗೆ ತಿಳಿಸಲೇಬೇಕು. ಆಗ ಈ ಹಣ ಎಲ್ಲಿಂದ ಬಂತೆಂದು ನೋಟಿಸು ಬಂದರೆ, ನಿಮ್ಮ ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ವಿಚ್ಛೇದನ ಆದೇಶದಲ್ಲಿ, ಬರೀ 8 ಲಕ್ಷ ಇರುತ್ತದೆ. ಹಿಂದೊಮ್ಮೆ ಒಬ್ಬ ಹೆಣ್ಣುಮಗಳು ಇಂಥದೇ ನೋಟಿಸು ಹಿಡಿದು ನನ್ನ ಎದುರು ಕುಳಿತಿದ್ದರು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ವರ್ಷಗಟ್ಟಲೆ ಕಾಪಾಡಿದ ನೋಟುಗಳವು. ಲೆಕ್ಕ ಬರೆದ ಚೀಟಿಯ ಮೇಲೆ ಗಂಡನ ಸಹಿಯೂ ಇರಲಿಲ್ಲ. ಆ ಮುಖ ನನಗಿನ್ನೂ ಮರೆತಿಲ್ಲ.

ತಿಂಗಳ ಹಣ ನಿಂತರೆ ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಹಾಗಾಗಿ ನನ್ನ ಒಲವು ಇಡುಗಂಟಿನ ಕಡೆಗೇ. ರಾಜಿ ಪತ್ರದಲ್ಲಿ 'ಶಾಶ್ವತ ಜೀವನಾಂಶ, 20 ಲಕ್ಷ' ಎಂದೇ ಬರೆಸಿ, ಡಿಡಿ ಸಂಖ್ಯೆ ಸಹಿತ. 'ಉಡುಗೊರೆ' ಎಂಬ ಪದ ಎಲ್ಲಿಯೂ ಬರಬಾರದು. ವಿಚ್ಛೇದನವಾದ ಮೇಲೆ ತೆರಿಗೆ ಕಾಯ್ದೆಯ ಕಣ್ಣಿಗೆ ಅವರು ನಿಮ್ಮ ಸಂಬಂಧಿಯಲ್ಲ. ಸಂಬಂಧಿಯಲ್ಲದವರ ಉಡುಗೊರೆ ವರ್ಷಕ್ಕೆ 50,000 ದಾಟಿದರೆ ಅದು ಆದಾಯವೇ. ಡಿಡಿಯನ್ನು ನ್ಯಾಯಾಧೀಶರ ಮುಂದೆಯೇ ಪಡೆಯಿರಿ. ಠೇವಣಿ ಇಟ್ಟರೆ ಬಡ್ಡಿ ಮಾತ್ರ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 7ರಂತೆ ಹಿಡಿದರೂ 1.40 ಲಕ್ಷ, ಸಂಬಳ ಸೇರಿಸಿದರೂ 4 ಲಕ್ಷ ಮುಟ್ಟುವುದಿಲ್ಲ.

ಡಿಕ್ರಿಯ ದೃಢೀಕೃತ ಪ್ರತಿಗಳನ್ನು ಎರಡು ತೆಗೆಸಿ, ಒಂದನ್ನು ತವರುಮನೆಯಲ್ಲಿಡಿ.