ಹಳೆಯ ಲ್ಯಾಪ್ ಸ್ಟೀಲ್ ಗಿಟಾರ್‌ಗೆ ಸಂಗ್ರಾಹಕರು ಅಷ್ಟೊಂದು ಮುಗಿಬೀಳುವುದೇಕೆ?

ಮುಖ್ಯ ಕಾರಣ ಅದರ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಈ ವಾದ್ಯ ಎಲೆಕ್ಟ್ರಿಕ್ ಗಿಟಾರ್‌ಗಳಿಗೆಲ್ಲ ಹಿರಿಯಣ್ಣ. ಅಮೆರಿಕದ ಜಾರ್ಜ್ ಬೀಚಂ 1931ರಲ್ಲಿ ರೂಪಿಸಿದ, 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’ ನೋಡಿ: ಎರಕ ಹೊಯ್ದ ಅಲ್ಯೂಮಿನಿಯಂ, ದುಂಡನೆಯ ಒಡಲು, ಉದ್ದ ಕತ್ತು. ಹೆಸರು ಸುಮ್ಮನೆ ಬಂದಿದ್ದಲ್ಲ!

ಅದರ ಪಿಕಪ್‌ನಲ್ಲಿ ಕುದುರೆ ಲಾಳದಂಥ ಎರಡು ಆಯಸ್ಕಾಂತಗಳು ತಂತಿಗಳ ಮೇಲೆ ಕಮಾನಿನಂತೆ ಬಾಗಿರುತ್ತವೆ. ತಂತಿಗಳು ಅವುಗಳೊಳಗೇ ಹಾದುಹೋಗುತ್ತವೆ. ಆ ತುಂಬು ನಾದಕ್ಕೆ ಮನಸೋತವರು ಈಗಲೂ ಬೇರೆ ಪಿಕಪ್ ಒಪ್ಪುವುದಿಲ್ಲ. ನನ್ನ ಕಿವಿಗೂ ಹಾಗೇ.

ಲೋಪವೂ ಇದೆ. ವೇದಿಕೆಯ ದೀಪಗಳ ಶಾಖಕ್ಕೆ ಲೋಹ ಹಿಗ್ಗಿ ಶ್ರುತಿ ತಪ್ಪುತ್ತಿತ್ತು. ಅದಕ್ಕೇ 1935ರ ಹೊತ್ತಿಗೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮಾದರಿ ಬಂತು. ಅದು ಶ್ರುತಿಯಲ್ಲಿ ನಿಲ್ಲುತ್ತದೆ, ಆದರೆ ಕೈಜಾರಿ ಬಿದ್ದರೆ ಸೀಳುತ್ತದೆ.

ಕೊಳ್ಳುವಾಗ ಆಯಸ್ಕಾಂತದ ಅಗಲ ಅಳೆಯಿರಿ. ಎರಡನೇ ಮಹಾಯುದ್ಧಕ್ಕೂ ಮುಂಚಿನವು ಒಂದೂವರೆ ಇಂಚು, ನಂತರದವು ಒಂದೂಕಾಲು. ಹೆಚ್ಚು ಬೇಡಿಕೆ ಅಗಲದ್ದಕ್ಕೇ. ಸದ್ದು ಕ್ಷೀಣವಾಗಿದ್ದರೆ ಕೂಡಲೇ ಕೈಬಿಡಬೇಡಿ, ಶಕ್ತಿ ಕುಂದಿದ ಆಯಸ್ಕಾಂತಕ್ಕೆ ಮತ್ತೆ ಕಾಂತತ್ವ ತುಂಬಿಸಬಹುದು.