"ಮಂಗಳವಾರ ಬಂತಂದ್ರ ಎದಿ ಹೊಡ್ಕೋತದರೀ"

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹಾವೇರಿ ಜಿಲ್ಲೆಯ ಹೆಣ್ಣುಮಗಳು, ವಯಸ್ಸು 38. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ, ಗಂಡ ಹಮಾಲಿ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ತಂಗಿ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದಿದ್ದರು. ಯಾವ ದಿನ ಹೆಚ್ಚು ಎಂದು ಕೇಳಿದೆ. "ಮಂಗಳವಾರರೀ ಅಕ್ಕಾರ. ಅವತ್ತು ಸಂಘದ ಕಂತು" ಅಂದರು. ಸಂಘವೆಂದರೆ ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಯಿಂದ ಸಾಲ ಪಡೆದು, ಒಬ್ಬರಿಗೊಬ್ಬರು ಜಾಮೀನಾಗಿ ನಿಲ್ಲುವ ಹೆಂಗಸರ ಗುಂಪು.

ಎರಡನೆಯ ಭೇಟಿಗೆ ಕಂತಿನ ಕಾರ್ಡು ತರಲು ಹೇಳಿದ್ದೆ. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ನಾಲ್ಕು ಕಾರ್ಡು ತಂದರು. ಗಂಡನಿಗೆ ಗೊತ್ತಿದ್ದದ್ದು ಒಂದೇ. ಹಿಂದೊಮ್ಮೆ ಎಮ್ಮೆಗೆಂದು ಎತ್ತಿದ ಸಾಲ ಹಾಲಿನ ದುಡ್ಡಿನಲ್ಲೇ ತೀರಿತ್ತು. ಆ ಧೈರ್ಯದ ಮೇಲೆ ಮನೆಯ ತಗಡಿಗೆ ಒಂದು, ಅತ್ತೆಯ ಆಪರೇಷನ್ನಿಗೆ ಒಂದು, ಆ ಎರಡರ ಕಂತು ತುಂಬಲು ಮತ್ತೊಂದು. ನಾಲ್ಕನೆಯದು ನಾದಿನಿಗಾಗಿ ಇವರ ಹೆಸರಲ್ಲಿ ಎತ್ತಿದ್ದು. ಆಕೆ ಆರು ಕಂತು ಕೊಟ್ಟು ಸುಮ್ಮನಾಗಿದ್ದರು. ಕೂಡಿಸಿ ನೋಡಿದೆವು: ಇಬ್ಬರ ದುಡಿಮೆ ತಿಂಗಳಿಗೆ 16,000, ಕಂತು 11,400.

"ಕಂತಿನವ್ರ ಅಂಜಿಕಿ ಇಲ್ಲರಿ. ನಾ ತುಂಬದಿದ್ರ ಉಳದ ಒಂಬತ್ತು ಮಂದಿ ತುಂಬಬೇಕು. ನಮ್ಮನಿ ಕಟ್ಟಿ ಮ್ಯಾಲೆ ಬಂದು ಕುಂದರತಾರ. ಅದರಾಗ ನನ್ನ ಬಾಣಂತನಾ ಮಾಡಿದಾಕಿನೂ ಅದಾಳ."

ಆ ಮಾತು ನನ್ನನ್ನು ಇನ್ನೂ ಕಾಡುತ್ತದೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಕೈಸಾಲ ಕೊಟ್ಟರು. ಅಲ್ಲಿಂದ ಬೆಳೆದ ಗ್ರಾಮೀಣ ಬ್ಯಾಂಕಿನಲ್ಲಿ ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ಗುಂಪೇ ಆಸರೆಯಾಗಿತ್ತು. ನಮ್ಮ ಓಣಿಯಲ್ಲಿ ಅದೇ ಗುಂಪು ವಸೂಲಿಗೆ ನಿಂತಿದೆ. ಈ ಅಕ್ಕ ಅಡವಿಟ್ಟದ್ದು ಓಣಿಯ ನಂಟನ್ನು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ತಲೆ ತಗ್ಗಿಸಿದರು. ಉಳಿದೆಲ್ಲ ಬದಿಗಿಟ್ಟು ಮೊದಲು ಅದಕ್ಕೆ ವ್ಯವಸ್ಥೆ ಮಾಡಿದೆವು: ತಂಗಿ ಕೆಲದಿನ ಜೊತೆಯಲ್ಲೇ ಮಲಗುವುದು, ಮನೋವೈದ್ಯರ ಭೇಟಿ, ರಾತ್ರಿ ಸಂಕಟವಾದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು.

ಮೂರನೆಯ ಭೇಟಿಗೆ ಗಂಡ ಬಂದರು. ಕಾರ್ಡುಗಳನ್ನು ಆಕೆಯೇ ಅವರ ಮುಂದಿಟ್ಟರು. ಬೈಯ್ಯುತ್ತಾರೆಂದು ನಾನೂ ಕಾದಿದ್ದೆ. ಬಹಳ ಹೊತ್ತಿನ ಮೇಲೆ, "ಇಷ್ಟು ದಿನಾ ಒಬ್ಬಾಕಿನ ಹೆಂಗ ಹೊತ್ತಿ?" ಅಂದರು. ಆಕೆ ನನ್ನೆದುರು ಮೊದಲ ಸಲ ಅತ್ತರು.

ಹಳೆ ಕಂತಿಗೆ ಹೊಸ ಸಾಲ ಬೇಡವೇ ಬೇಡ ಎಂದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಇವರಿಗೆ ಅದು 8,000. ಅದನ್ನೇ ಬರೆದು, ಕಂತು ಇಳಿಸಿ ಅವಧಿ ಹೆಚ್ಚಿಸಲು ಪ್ರತಿ ಸಂಸ್ಥೆಗೂ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ ಎಂದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಯ ಫೋನು ಮಾಡುವಂತಿಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ವಿಧಿಸುವ ಕಾನೂನನ್ನು ರಾಜ್ಯ 2025ರಲ್ಲಿ ತಂದಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಆದರೆ ಸಾಲವೇ ಮನ್ನಾ ಆಯಿತೆಂಬ ಓಣಿಯ ಸುದ್ದಿ ನಂಬಬೇಡಿ ಎಂದೂ ಹೇಳಿದೆ.

ಕಷ್ಟವೆನಿಸಿದ ಸಲಹೆ ಬೇರೆಯೇ ಇತ್ತು: ಮಂಗಳವಾರಕ್ಕೆ ಕಾಯದೆ, ಸೋಮವಾರವೇ ಆ ಒಂಬತ್ತು ಮಂದಿಯ ಮನೆಗೆ ತಾವೇ ಹೋಗಿ ಇದ್ದದ್ದು ಇದ್ದಂತೆ ಹೇಳುವುದು. ಬಾಣಂತನ ಮಾಡಿದಾಕೆಯ ಮನೆಗೆ ಮೊದಲು ಹೋದರಂತೆ. ಆಕೆಯ ಡಬ್ಬಿಯಲ್ಲೂ ಮೂರು ಕಾರ್ಡು ಇದ್ದವು.

ಎರಡು ಸಂಸ್ಥೆಯವರು ಅವಧಿ ಹೆಚ್ಚಿಸಿದ್ದಾರೆ, ಉಳಿದವರ ಉತ್ತರ ಬಂದಿಲ್ಲ. ಮುಂದಿನ ಭೇಟಿಗೆ ನಾದಿನಿಯನ್ನೂ ಕರೆತರಲು ಹೇಳಿದ್ದೇನೆ.